ಹದಿನಾರು ಬೈಟುಗಳ ವಿಳಾಸ

41 ಎಂದೊಡನೆ ಶಬರಿಮಲೆಗೆ ಹೊರಡುವವರಿಗೆ ಮಂಡಲವ್ರತದ ದಿನಗಳು ನೆನಪಾಗುತ್ತವೆ. ಗಣಕಯಂತ್ರದ ತಳಭಾಗದಲ್ಲಿ ಕೆಲಸ ಮಾಡುವವರಿಗೆ ಅದೇ ಸಂಖ್ಯೆ ಬೇರೊಂದನ್ನು ಸೂಚಿಸುತ್ತದೆ. ಇಂಟೆಲ್ ಅಥವಾ ಎಎಮ್‌ಡಿ ಜಾತಿಯ 64 ಬಿಟ್ ಯಂತ್ರದ ಮೇಲೆ ಲಿನಕ್ಸ್ ನಡೆಯುತ್ತಿರುವಾಗ, ಹೊರಜಗತ್ತಿನೊಡನೆ ಮಾತನಾಡಬಯಸುವ ಪ್ರೋಗ್ರಾಂ, ಅದು ಬ್ಯಾಂಕಿನ ಲೆಕ್ಕ ನೋಡುವುದಾಗಿರಲಿ, ಪತ್ರಿಕೆಯ ಪುಟವನ್ನು ಓದುಗನಿಗೆ ತಲಪಿಸುವುದಾಗಿರಲಿ, ಸಾಮಾನ್ಯವಾಗಿ ಮೊತ್ತಮೊದಲು ಮಾಡುವ ಕೆಲಸವೆಂದರೆ ಆ ಸಂಖ್ಯೆಯನ್ನು ಪ್ರೊಸೆಸರಿನ ಒಂದು ನಿಯತ ರಿಜಿಸ್ಟರಿನಲ್ಲಿಟ್ಟು, ತನಗೊಂದು ಸಾಕೆಟ್ ಬೇಕೆಂದು ಲಿನಕ್ಸಿನ ತಿರುಳಾದ ಕರ್ನಲನ್ನು ಕೇಳಿಕೊಳ್ಳುವುದು. ಈ ಕೇಳಿಕೆ ಸಾಧಾರಣವಾಗಿ ಲೈಬ್ರರಿಗಳ ಹಲವು ಪದರಗಳ ಕೆಳಗೆ ಹುದುಗಿರುವುದರಿಂದ, ದಿನವೂ ನೂರಾರು ಸಾಲು ಪ್ರೋಗ್ರಾಂ ಬರೆಯುವವರಿಗೂ ಅದರ ದರ್ಶನವಾಗುವುದಿಲ್ಲ. ಆ ಪದರಗಳನ್ನೆಲ್ಲ ಸರಿಸಿ, ಅಸೆಂಬ್ಲಿ ಭಾಷೆಯಲ್ಲಿ ಒಂದು ಚಿಕ್ಕ ಸರ್ವರನ್ನು ಕೈಯಾರೆ ಕಟ್ಟಿದರೆ ಏನು ಕಾಣುತ್ತದೆ ಎಂಬುದನ್ನು ಹೇಳುವುದು ಈ ವಾರದ ನನ್ನ ಉದ್ದೇಶ. ನಮ್ಮ ಸರ್ವರಿನ ಕೆಲಸ ಅತ್ಯಲ್ಪ: 8080ನೆಯ ಪೋರ್ಟಿನಲ್ಲಿ ಕಾದಿದ್ದು, ಬಂದವರಿಗೆ ಒಂದು ಸಾಲು ಉತ್ತರ ಕೊಟ್ಟು ಬೀಳ್ಕೊಡುವುದು.

ಕರ್ನಲಿಗೆ ಮಾಡುವ ಇಂತಹ ಕೇಳಿಕೆಗೆ ಸಿಸ್ಟಂ ಕಾಲ್ ಎಂದು ಹೆಸರು; ಮೊದಲು ಅದರ ಸ್ವರೂಪವನ್ನು ತಿಳಿಯಬೇಕು. ಒಂದು ಪ್ರೋಗ್ರಾಂ ತನ್ನ ಪಾಲಿಗೆ ಬಂದ ಮೆಮೊರಿಯಲ್ಲಿ ಏನನ್ನು ಬೇಕಾದರೂ ಕೂಡಿಸಬಹುದು, ಕಳೆಯಬಹುದು, ಹೋಲಿಸಬಹುದು. ಆದರೆ ಡಿಸ್ಕನ್ನು ಮುಟ್ಟುವ, ತಂತಿಯ ಮೇಲೆ ಒಂದೇ ಒಂದು ಬೈಟನ್ನು ಬಿಡುವ ಅಧಿಕಾರ ಅದಕ್ಕಿಲ್ಲ. ಅಂತಹ ಅಧಿಕಾರವೆಲ್ಲ ಕರ್ನಲಿನ ವಶದಲ್ಲಿದೆ. ಈ ಭೇದ ಕೇವಲ ಶಿಷ್ಟಾಚಾರದ್ದಲ್ಲ, ಯಂತ್ರದ ಸಿಲಿಕಾನಿನಲ್ಲಿಯೇ ಕೆತ್ತಲ್ಪಟ್ಟದ್ದು. ಪ್ರೋಗ್ರಾಂಗಳು ಮೂರನೆಯ ವಲಯದಲ್ಲಿ ಓಡುತ್ತವೆ, ಕರ್ನಲ್ ಸೊನ್ನೆಯ ವಲಯದಲ್ಲಿ, ಮತ್ತು ಮೂರರಿಂದ ಸೊನ್ನೆಗೆ ದಾಟಲು ಪ್ರೊಸೆಸರ್ ಕೆಲವೇ ದ್ವಾರಗಳನ್ನು ಇಟ್ಟಿದೆ. ಅವುಗಳಲ್ಲಿ ಈಗ ಬಳಕೆಯಲ್ಲಿರುವುದು ‘ಸಿಸ್‌ಕಾಲ್’ ಎಂಬ ಒಂದು ಆಜ್ಞೆ. ಕೋರಿಕೆಯ ಸಂಖ್ಯೆಯನ್ನು ಆರ್‌ಎಎಕ್ಸ್ ಎಂಬ ರಿಜಿಸ್ಟರಿನಲ್ಲಿಯೂ, ಕೋರಿಕೆಗೆ ಬೇಕಾದ ವಿವರಗಳನ್ನು ಕ್ರಮವಾಗಿ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್10, ಆರ್8, ಆರ್9 ಎಂಬ ಆರರಲ್ಲಿಯೂ ಇಟ್ಟು ಆ ಆಜ್ಞೆಯನ್ನು ಉಚ್ಚರಿಸಿದರೆ, ಯಂತ್ರ ಆರಂಭವಾದಾಗಲೇ ಕರ್ನಲ್ ಗೊತ್ತುಮಾಡಿಟ್ಟಿದ್ದ ಸ್ಥಾನಕ್ಕೆ ಪ್ರೊಸೆಸರ್ ಜಿಗಿಯುತ್ತದೆ. ಕೆಲಸ ಮುಗಿದ ಮೇಲೆ ಉತ್ತರ ಆರ್‌ಎಎಕ್ಸ್‌ನಲ್ಲಿಯೇ ಬಂದು ಕುಳಿತಿರುತ್ತದೆ. ಇಷ್ಟೇ ಇದರ ವ್ಯಾಕರಣ.

ಈ ವ್ಯಾಕರಣದಲ್ಲಿ ನಮ್ಮ ಮೊದಲನೆಯ ವಾಕ್ಯವನ್ನು ರಚಿಸೋಣ. ಆರ್‌ಎಎಕ್ಸ್‌ನಲ್ಲಿ 41, ಆರ್‌ಡಿಐಯಲ್ಲಿ 2, ಎಂದರೆ ಇಂಟರ್ನೆಟ್ಟಿನ ನಾಲ್ಕನೆಯ ಆವೃತ್ತಿಯ ವಿಳಾಸಕುಟುಂಬ, ಆರ್‌ಎಸ್‌ಐಯಲ್ಲಿ 1, ಎಂದರೆ ಕಡಿವಡೆಯದೆ ಕ್ರಮವಾಗಿ ಹರಿಯುವ ಪ್ರವಾಹ, ಆರ್‌ಡಿಎಕ್ಸ್‌ನಲ್ಲಿ 0, ಎಂದರೆ ಉಳಿದ ಆಯ್ಕೆ ನಿನಗೆ ಬಿಟ್ಟದ್ದು ಎಂಬ ಸೂಚನೆ, ಬಳಿಕ ಸಿಸ್‌ಕಾಲ್. ಮರಳಿ ಬರುವುದು ಸಾಮಾನ್ಯವಾಗಿ 3 ಎಂಬ ಪುಟ್ಟ ಸಂಖ್ಯೆ. ಗೋಡೆಯ ಮೇಲೆ ವಿದ್ಯುತ್ತಿನ ಸಾಕೆಟ್ಟನ್ನು ಕಂಡವರು ಇಲ್ಲಿಯೂ ಅಂತಹದೊಂದು ಆಕಾರವನ್ನು ಊಹಿಸಿಕೊಳ್ಳುವುದು ಸಹಜವಾದರೂ, ಪ್ರೋಗ್ರಾಮಿನ ಕೈಗೆ ಸಿಕ್ಕುವುದು ಈ ಒಂದು ಅಂಕೆ ಮಾತ್ರವೇ. ನಿಜವಾದ ವಸ್ತು, ಅದರ ಸರದಿಸಾಲುಗಳು, ಗಡಿಯಾರಗಳು, ಲೆಕ್ಕಪತ್ರಗಳೆಲ್ಲ ಕರ್ನಲಿನ ಒಳಮನೆಯಲ್ಲಿ ಇರುತ್ತವೆ. 0, 1, 2 ಎಂಬ ಮೂರು ಅಂಕೆಗಳು ಪ್ರತಿಯೊಂದು ಪ್ರೋಗ್ರಾಮಿಗೂ ಓದಲು, ಬರೆಯಲು, ದೋಷ ವರದಿಮಾಡಲು ಹುಟ್ಟಿನಿಂದಲೇ ದತ್ತವಾಗಿರುವುದರಿಂದ ಹೊಸದಕ್ಕೆ 3 ಬರುತ್ತದೆ. ತೆರೆದ ಕಡತಕ್ಕೂ ಇಂತಹ ಅಂಕೆಯೇ, ಸಾಕೆಟ್ಟಿಗೂ ಇಂತಹ ಅಂಕೆಯೇ. ಯುನಿಕ್ಸ್ ಸಂಪ್ರದಾಯದ ಏಕತ್ವಭಾವನೆ ಇಲ್ಲಿ ಎದ್ದು ಕಾಣುತ್ತದೆ.

ಆ ಏಕತ್ವ ಪೂರ್ಣವಾದುದಲ್ಲ ಎಂಬುದನ್ನೂ ಹೇಳಬೇಕು. ಕಡತವನ್ನು ತೆರೆಯಲು ಹೆಸರೊಂದಿದ್ದರೆ ಸಾಕು. ಜಾಲದ ಸಂಪರ್ಕಕ್ಕಾದರೋ ಕರೆಯುವವನು ಬೇರೆ, ಕಾಯುವವನು ಬೇರೆ, ಇಬ್ಬರಿಗೂ ವಿಳಾಸ ಬೇರೆ. ಆದುದರಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಕೇಂದ್ರದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನ ಸಂಸ್ಥೆಯ ಧನಸಹಾಯದಿಂದ ಕೆಲಸ ಮಾಡುತ್ತಿದ್ದ ಬಿಲ್ ಜಾಯ್, ಸ್ಯಾಮ್ ಲೆಫ್ಲರ್ ಮೊದಲಾದವರು, ಇದ್ದ ಕಡತದ ಕಾಲ್‌ಗಳೊಳಗೆಯೇ ಜಾಲವನ್ನು ಬಲವಂತವಾಗಿ ತುರುಕದೆ, ಅದಕ್ಕೆಂದೇ ಪ್ರತ್ಯೇಕವಾದ ಒಂದು ಕಾಲ್‌ಗಳ ಪರಿವಾರವನ್ನು ಸೃಷ್ಟಿಸಿದರು. ಅದು 1983ರ ಆಗಸ್ಟಿನಲ್ಲಿ 4.2ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯೊಡನೆ ಹೊರಬಂದಿತು. ಅದೇ ವರ್ಷದ ಜನವರಿ 1ರಂದು ಆರ್ಪಾನೆಟ್ ಎಂಬ ಮೂಲಜಾಲ ತನ್ನ ಹಳೆಯ ನಿಯಮಾವಳಿಯನ್ನು ಬಿಟ್ಟು ಟಿಸಿಪಿ/ಐಪಿಗೆ ಬದಲಾಗಿತ್ತು. ಬೆಲ್ ಪ್ರಯೋಗಾಲಯದವರು ಮುಂದೆ ಪ್ಲಾನ್ 9 ಎಂಬ ವ್ಯವಸ್ಥೆಯಲ್ಲಿ ಜಾಲವನ್ನು ಪುನಃ ಕಡತಗಳ ರೂಪಕ್ಕೇ ತಂದು ತೋರಿಸಿದರು. ನನ್ನ ಅಭಿಪ್ರಾಯದಲ್ಲಿ ಅದು ಬರ್ಕ್ಲಿಯ ದಾರಿಗಿಂತ ಸುಂದರವಾದದ್ದು. ಆದರೆ ಆ ವೇಳೆಗೆ ಜಗತ್ತು ಬರ್ಕ್ಲಿಯ ದಾರಿಯಲ್ಲಿ ಬಹುದೂರ ನಡೆದುಹೋಗಿತ್ತು.

ಇನ್ನು ಎರಡನೆಯ ಕಾಲ್, ‘ಬೈಂಡ್’, ಇದರ ಸಂಖ್ಯೆ 49. ದೊರೆತ ಸಾಕೆಟ್ಟಿಗೆ ಒಂದು ವಿಳಾಸವನ್ನು ಕಟ್ಟುವುದು ಇದರ ಕಾರ್ಯ. ಮೂರು ವಿವರಗಳು ಬೇಕು: ಸಾಕೆಟ್ಟಿನ ಅಂಕೆ, ವಿಳಾಸವಿರುವ ಮೆಮೊರಿಯ ಸ್ಥಾನ, ಆ ವಿಳಾಸದ ಉದ್ದ. ಉದ್ದ 16 ಬೈಟುಗಳು. ಸಿ ಭಾಷೆಯಲ್ಲಿ ಬರೆಯುವವನಿಗೆ ಇವು ಹೆಸರುಳ್ಳ ಕೋಷ್ಠಗಳಾಗಿ ಕಾಣುತ್ತವೆ. ಅಸೆಂಬ್ಲಿಯಲ್ಲಿ ಹೆಸರುಗಳ ಆ ತೆರೆ ಇಲ್ಲದೆ, ಬೈಟುಗಳು ಬೈಟುಗಳಾಗಿಯೇ ಎದುರು ನಿಲ್ಲುತ್ತವೆ. ನಮ್ಮ ಸರ್ವರಿಗೆ ಅವು ಹೀಗೆ: 2, 0, 31, 144, ಆಮೇಲೆ ಹನ್ನೆರಡು ಸೊನ್ನೆಗಳು. ಮೊದಲೆರಡು ವಿಳಾಸಕುಟುಂಬ, ಮುಂದಿನೆರಡು ಪೋರ್ಟು, ಅನಂತರದ ನಾಲ್ಕು ಸೊನ್ನೆಗಳು ‘ಈ ಯಂತ್ರದ ಯಾವ ವಿಳಾಸಕ್ಕೆ ಬಂದರೂ ಸರಿ’ ಎಂಬ ಅನುಮತಿ, ಕೊನೆಯ ಎಂಟು ಬರಿಯ ಭರ್ತಿ. ಈ ಸಾಲನ್ನು ವಾಚಕರು ಒಂದು ಕ್ಷಣ ದೃಷ್ಟಿಯಿಟ್ಟು ನೋಡಬೇಕೆಂದು ಬೇಡುತ್ತೇನೆ. ಏಕೆಂದರೆ ಜಾಲಪ್ರೋಗ್ರಾಮಿನ ಒಂದು ಪುರಾತನ ಕಲಹ ಇದರ ಮೊದಲ ನಾಲ್ಕು ಬೈಟುಗಳ ನಡುವೆ ಇನ್ನೂ ಶಮನವಾಗದೆ ಕುಳಿತಿದೆ.

ಕುಟುಂಬದ ಸಂಖ್ಯೆ 2. ಅದನ್ನು ಎರಡು ಬೈಟುಗಳಲ್ಲಿ ಬರೆಯುವಾಗ ಮೊದಲು 2, ಆಮೇಲೆ 0 ಬಂದಿದೆ. ಎಂದರೆ ಕಿರಿಯ ಸ್ಥಾನ ಮೊದಲು, ಹಿರಿಯ ಸ್ಥಾನ ಆಮೇಲೆ. ಪೋರ್ಟಿನ ಸಂಖ್ಯೆ 8080. ಅದು 31ನ್ನು 256ರಿಂದ ಗುಣಿಸಿ 144ನ್ನು ಕೂಡಿಸಿದ ಮೊತ್ತ. ಇಲ್ಲಿ ಮೊದಲು 31, ಆಮೇಲೆ 144 ಬಂದಿದೆ. ಎಂದರೆ ಹಿರಿಯ ಸ್ಥಾನ ಮೊದಲು, ಕಿರಿಯದು ಆಮೇಲೆ. ಒಂದೇ ವಿಳಾಸದೊಳಗೆ, ಒಂದರ ಮಗ್ಗುಲಲ್ಲಿಯೇ ಇನ್ನೊಂದು ಇರುವಂತೆ, ಎರಡು ವಿರುದ್ಧ ಕ್ರಮಗಳು! ಇದಕ್ಕೆ ಕಾರಣವುಂಟು. ಕುಟುಂಬದ ಸಂಖ್ಯೆ ಈ ಯಂತ್ರದ ಕರ್ನಲ್ ಓದುವುದಕ್ಕಾಗಿ ಮಾತ್ರ ಇರುವುದು; ಅದು ತಂತಿಯ ಮೇಲೆ ಹೊರಗೆ ಹೋಗುವುದಿಲ್ಲವಾದ್ದರಿಂದ ಯಂತ್ರದ ಸ್ವಂತ ರೂಢಿಯಲ್ಲಿರುತ್ತದೆ. ಪೋರ್ಟಿನ ಸಂಖ್ಯೆಯಾದರೋ ಪ್ರತಿಯೊಂದು ಪೊಟ್ಟಣದ ಶಿರೋಭಾಗದಲ್ಲಿ ಕುಳಿತು ಲೋಕಸಂಚಾರ ಮಾಡತಕ್ಕದ್ದು. ಅದು ಲೋಕದ ರೂಢಿಯನ್ನು ಅನುಸರಿಸಲೇಬೇಕು.

ಈ ಎರಡು ಕ್ರಮಗಳಿಗೆ ಇಂಗ್ಲಿಷಿನಲ್ಲಿ ರೂಢವಾಗಿರುವ ‘ಬಿಗ್ ಎಂಡಿಯನ್’, ‘ಲಿಟಲ್ ಎಂಡಿಯನ್’ ಎಂಬ ಹೆಸರುಗಳು ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಕಥೆಯಿಂದ ಬಂದವು. ಅಲ್ಲಿ ಕುಬ್ಜರ ನಾಡಿನವರು ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂಬುದಕ್ಕಾಗಿ ಯುದ್ಧ ಮಾಡುತ್ತಾರೆ. ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ 1980ರ ಏಪ್ರಿಲ್ 1ರಂದು ಬರೆದ ಪ್ರಬಂಧವೊಂದರಲ್ಲಿ ಆ ಹೆಸರುಗಳನ್ನು ಬೈಟುಗಳ ಕ್ರಮಕ್ಕೆ ಅನ್ವಯಿಸಿ, ಯಾವುದಾದರೂ ಒಂದಕ್ಕೆ ಎಲ್ಲರೂ ಒಪ್ಪಿಕೊಂಡು ಶಾಂತರಾಗಿರಿ ಎಂದು ಕೇಳಿಕೊಂಡನು. ಕನ್ನಡದ ಓದುಗನಿಗೆ ಇದನ್ನು ವಿವರಿಸಲು ಮೊಟ್ಟೆಯ ಕಥೆ ಬೇಕಿಲ್ಲವೆಂದು ನಾನು ಭಾವಿಸುತ್ತೇನೆ. ನಮ್ಮ ಶಾಸನಗಳಲ್ಲಿಯೂ ಜ್ಯೋತಿಷಗ್ರಂಥಗಳಲ್ಲಿಯೂ ಶಕವರ್ಷವನ್ನು ಅಂಕೆಗಳಿಗೆ ಬದಲಾಗಿ ಪದಗಳಿಂದ ಸೂಚಿಸುವ ಭೂತಸಂಖ್ಯಾ ಪದ್ಧತಿಯೊಂದಿದೆ: ಗಗನವೆಂದರೆ 0, ಚಂದ್ರನೆಂದರೆ 1, ನೇತ್ರವೆಂದರೆ 2, ವೇದವೆಂದರೆ 4, ಬಾಣವೆಂದರೆ 5, ವಸುವೆಂದರೆ 8. ಆ ಪದ್ಧತಿಯ ಮುಖ್ಯ ನಿಯಮ, ಅಂಕೆಗಳು ಎಡಕ್ಕೆ ನಡೆಯುತ್ತವೆ ಎಂಬುದು. ಎಂದರೆ ಮೊದಲು ಹೇಳಿದ ಪದ ಏಕಸ್ಥಾನದ್ದು, ಆಮೇಲಿನದು ದಶಸ್ಥಾನದ್ದು. ನಮ್ಮ ಪೋರ್ಟಿನ ಸಂಖ್ಯೆಯನ್ನು ಆ ಕ್ರಮದಲ್ಲಿ ಹೇಳಬೇಕಾದರೆ ‘ಗಗನ-ವಸು-ಗಗನ-ವಸು’ ಎನ್ನಬೇಕು. ನಿಯಮವರಿಯದವನು ಅದನ್ನು 0808 ಎಂದು ಓದುವನು. ಇಂಟೆಲ್ ಯಂತ್ರ ಸಂಖ್ಯೆಯನ್ನು ಮೆಮೊರಿಯಲ್ಲಿಡುವುದು ಭೂತಸಂಖ್ಯೆಯ ಕ್ರಮದಲ್ಲಿ, ಕಿರಿಯ ಸ್ಥಾನ ಮೊದಲಾಗಿ. ಜಾಲ ಅದನ್ನು ಕೇಳುವುದು ನಾವು ಅಂಗಡಿಯ ಲೆಕ್ಕದಲ್ಲಿ ಬರೆಯುವ ಕ್ರಮದಲ್ಲಿ, ಹಿರಿಯ ಸ್ಥಾನ ಮೊದಲಾಗಿ. ವ್ಯತ್ಯಾಸವಿಷ್ಟೇ: ನಮ್ಮ ಸ್ಥಾನಗಳು ಹತ್ತು ಹತ್ತಾಗಿ ಏರಿದರೆ ಬೈಟುಗಳ ಸ್ಥಾನಗಳು 256ರಂತೆ ಏರುತ್ತವೆ.

ನಾನು ಮೊದಲ ಸಲ ಇದನ್ನು ಬರೆದಾಗ ಈ ಭೇದವನ್ನು ಪುಸ್ತಕದಲ್ಲಿ ಓದಿಯೂ ಕೈಯಲ್ಲಿ ಮರೆತಿದ್ದೆನು. ಪೋರ್ಟಿನ ಜಾಗದಲ್ಲಿ 8080 ಎಂಬ ಸಂಖ್ಯೆಯನ್ನು ನೇರವಾಗಿ ಬರೆದೆ. ಅಸೆಂಬ್ಲರ್ ಅದನ್ನು ಯಂತ್ರದ ರೂಢಿಯಂತೆ 144, 31 ಎಂದು ಇಟ್ಟಿತು. ಬೈಂಡ್ ಯಶಸ್ವಿಯಾಯಿತು, ಮುಂದಿನ ಕಾಲ್‌ಗಳೂ ಯಶಸ್ವಿಯಾದುವು, ಸರ್ವರ್ ನಿರಾತಂಕವಾಗಿ ಕಾದು ಕುಳಿತಿತು. ಆದರೆ ಬ್ರೌಸರಿನಿಂದ 8080ಕ್ಕೆ ಹೋದರೆ ಸಂಪರ್ಕ ನಿರಾಕೃತವೆಂಬ ಉತ್ತರ. ಅರ್ಧ ದಿನ ಕಳೆದ ಮೇಲೆ, ತೆರೆದಿರುವ ಪೋರ್ಟುಗಳ ಪಟ್ಟಿಯನ್ನು ತೆಗೆದು ನೋಡಿದಾಗ ಅಲ್ಲಿ 36895 ಎಂಬ ಅಪರಿಚಿತ ಸಂಖ್ಯೆಯೊಂದು ಕಂಡಿತು. 144ನ್ನು 256ರಿಂದ ಗುಣಿಸಿ 31ನ್ನು ಕೂಡಿಸಿದರೆ ಬರುವುದು ಅದೇ. ಕರ್ನಲಿನ ತಪ್ಪೇನೂ ಇರಲಿಲ್ಲ. 36895 ಕೂಡ ಸಕ್ರಮವಾದ ಪೋರ್ಟೇ, ಮತ್ತು ನನ್ನ ಮನಸ್ಸಿನಲ್ಲಿದ್ದ ಸಂಖ್ಯೆ ಯಾವುದೆಂದು ತಿಳಿಯುವ ಉಪಾಯ ಕರ್ನಲಿಗಿಲ್ಲ. ಅಂದು ಕಾಗದದ ಮೇಲೆ ಹದಿನಾರು ಚೌಕಗಳನ್ನು ಬರೆದು ಒಂದೊಂದರಲ್ಲಿಯೂ ಒಂದೊಂದು ಬೈಟನ್ನು ತುಂಬಿದೆನು. ಅಂದಿನಿಂದ ಇಂದಿನವರೆಗೆ ಆ ಚೌಕಗಳನ್ನು ಬರೆಯದೆ ನಾನು ವಿಳಾಸವನ್ನು ಕಟ್ಟಿದ್ದಿಲ್ಲ.

ಮೂರನೆಯದು ‘ಲಿಸನ್’, ಸಂಖ್ಯೆ 50. ಸಾಕೆಟ್ಟಿನ ಅಂಕೆ ಮತ್ತು ಸರದಿಸಾಲಿನ ಉದ್ದ, ಇವೆರಡನ್ನು ಕೊಟ್ಟರೆ ಸಾಕು. ಆರ್‌ಎಸ್‌ಐಯಲ್ಲಿ 128 ಎಂದಿಡೋಣ. ಇದಾದ ಕ್ಷಣದಿಂದ ನಡೆಯುವುದನ್ನು ಬಹಳ ಮಂದಿ ತಪ್ಪಾಗಿ ತಿಳಿದಿದ್ದಾರೆ. ಹೊರಗಿನವನು ಸಂಪರ್ಕವನ್ನು ಕೋರಿದಾಗ ನಡೆಯುವ ಮೂರು ಹೆಜ್ಜೆಗಳ ಪ್ರಸಿದ್ಧ ಹಸ್ತಲಾಘವ, ಅವನ ಕೋರಿಕೆ, ನಮ್ಮ ಸಮ್ಮತಿ, ಸಮ್ಮತಿ ಮುಟ್ಟಿತೆಂಬ ಅವನ ಉತ್ತರ, ಇದನ್ನೆಲ್ಲ ಕರ್ನಲ್ ತಾನೇ ಮುಗಿಸಿಬಿಡುತ್ತದೆ. ನಮ್ಮ ಪ್ರೋಗ್ರಾಂ ಆಗ ನಿದ್ರಿಸುತ್ತಿದ್ದರೂ ಅಡ್ಡಿಯಿಲ್ಲ. ಮುಗಿದ ಸಂಪರ್ಕಗಳನ್ನು ಅದು ಸರದಿಯಲ್ಲಿ ನಿಲ್ಲಿಸಿ ಇಟ್ಟುಕೊಂಡಿರುತ್ತದೆ. ನಾಲ್ಕನೆಯದಾದ ‘ಆಕ್ಸೆಪ್ಟ್’, ಸಂಖ್ಯೆ 43, ಆ ಸಾಲಿನ ತುದಿಯಲ್ಲಿರುವವನನ್ನು ಒಳಕ್ಕೆ ಕರೆತರುವುದಷ್ಟನ್ನೇ ಮಾಡುತ್ತದೆ. ಸಾಲು ಬರಿದಾಗಿದ್ದರೆ ಯಾರಾದರೂ ಬರುವವರೆಗೆ ಪ್ರೋಗ್ರಾಮನ್ನು ಅಲ್ಲಿಯೇ ನಿಲ್ಲಿಸುತ್ತದೆ.

ಆಕ್ಸೆಪ್ಟ್ ಮರಳಿ ಕೊಡುವುದು ಹೊಸದೊಂದು ಅಂಕೆ, ಬಹುಶಃ 4. ಹಳೆಯ 3 ಬಾಗಿಲಲ್ಲಿಯೇ ಉಳಿಯುತ್ತದೆ. ಮಾತುಕತೆ ನಡೆಯುವುದು 4ರ ಮೂಲಕ. ಛತ್ರದ ಬಾಗಿಲು ಕಾಯುವವನು ಅತಿಥಿಯನ್ನು ಒಳಗಿನವನೊಬ್ಬನಿಗೆ ಒಪ್ಪಿಸಿ ತಾನು ಪುನಃ ಬಾಗಿಲಿಗೆ ಮರಳುವಂತೆ ಇದು ನಡೆಯುತ್ತದೆ. ಅಸೆಂಬ್ಲಿಯಲ್ಲಿ ಬರೆಯುವವನು ಈ ಎರಡು ಅಂಕೆಗಳನ್ನೂ ಎರಡು ರಿಜಿಸ್ಟರುಗಳಲ್ಲಿ ತಾನೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಆಕ್ಸೆಪ್ಟಿನ ಉತ್ತರ ಆರ್‌ಎಎಕ್ಸ್‌ನಲ್ಲಿ ಬರುತ್ತದೆ, ಮುಂದಿನ ಕಾಲ್‌ಗೆ ಸಂಖ್ಯೆಯನ್ನಿಡಬೇಕಾದದ್ದೂ ಆರ್‌ಎಎಕ್ಸ್‌ನಲ್ಲಿಯೇ, ಆದ್ದರಿಂದ ಎತ್ತಿಡದೆ ಮುಂದುವರಿದರೆ ಅತಿಥಿಯ ಗುರುತೇ ಅಳಿಸಿಹೋಗುತ್ತದೆ.

ಈ ಕಾಲಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಂದವನ ವಿಳಾಸ ಬೇಕಾದರೆ ಅದನ್ನು ಬರೆಯತಕ್ಕ ಸ್ಥಾನವನ್ನು ಆರ್‌ಎಸ್‌ಐಯಲ್ಲಿಯೂ, ಆ ಸ್ಥಾನದ ಉದ್ದದ ವಿವರವನ್ನು ಆರ್‌ಡಿಎಕ್ಸ್‌ನಲ್ಲಿಯೂ ಕೊಡಬೇಕು. ಬೈಂಡಿನಲ್ಲಿ ಉದ್ದವನ್ನೇ ಕೊಟ್ಟೆವು. ಆದರೆ ಇಲ್ಲಿ ಉದ್ದವನ್ನು ಬರೆದಿಟ್ಟ ಮೆಮೊರಿಯ ಸ್ಥಾನವನ್ನು ಕೊಡಬೇಕು, ಏಕೆಂದರೆ ನಿಜವಾಗಿ ಎಷ್ಟು ಬೈಟು ಬರೆದೆನೆಂಬುದನ್ನು ಕರ್ನಲ್ ಅದೇ ಸ್ಥಳದಲ್ಲಿ ತಿದ್ದಿ ತಿಳಿಸುತ್ತದೆ. ವಿಳಾಸ ಬೇಡವಾದರೆ ಎರಡರಲ್ಲಿಯೂ ಸೊನ್ನೆಯಿಡಬೇಕು. ಇಡದೆ ಹೋದರೆ? ಸಿಸ್ಟಂ ಕಾಲ್ ಮುಗಿದ ಮೇಲೆ ಮೂರು ರಿಜಿಸ್ಟರುಗಳ ಹೊರತು ಉಳಿದವೆಲ್ಲ ಹಿಂದಿದ್ದಂತೆಯೇ ಇರುತ್ತವೆ. ಆದ್ದರಿಂದ ಲಿಸನ್‌ಗೆಂದು ಇಟ್ಟ 128 ಆರ್‌ಎಸ್‌ಐಯಲ್ಲಿಯೂ, ಬೈಂಡ್‌ಗೆಂದು ಇಟ್ಟ 16 ಆರ್‌ಡಿಎಕ್ಸ್‌ನಲ್ಲಿಯೂ ಹಾಗೆಯೇ ಉಳಿದಿರುತ್ತವೆ. ಕರ್ನಲ್ ಅವನ್ನು ಮೆಮೊರಿಯ ಸ್ಥಾನಗಳೆಂದೇ ನಂಬಿ, ಅತಿಥಿಯನ್ನು ಸಾಲಿನಿಂದ ಎತ್ತಿಕೊಂಡು, ಅವನ ವಿಳಾಸವನ್ನು ಬರೆಯಹೋಗಿ, ಅಲ್ಲಿ ಬರೆಯಲು ಸ್ಥಳವೇ ಇಲ್ಲದ್ದನ್ನು ಕಂಡು, 14ನೆಯ ದೋಷವನ್ನು ವರದಿಮಾಡಿ, ಆ ಸಂಪರ್ಕವನ್ನೇ ಮುಚ್ಚಿಬಿಡುತ್ತದೆ. ಉನ್ನತ ಭಾಷೆಗಳಲ್ಲಿ ಇಂತಹ ಅವಶೇಷಗಳ ಭಯವಿಲ್ಲ. ಇಲ್ಲಿಯಾದರೋ ಹಿಂದಿನ ವಾಕ್ಯದ ಪದಗಳು ಮುಂದಿನ ವಾಕ್ಯದಲ್ಲಿಯೂ ಅರ್ಥಪಡೆಯುತ್ತವೆ.

ಬದಲಾಗುವ ಮೂರು ರಿಜಿಸ್ಟರುಗಳು ಯಾವುವು? ಉತ್ತರವನ್ನು ಹೊರುವ ಆರ್‌ಎಎಕ್ಸ್ ಒಂದು. ಆರ್‌ಸಿಎಕ್ಸ್ ಮತ್ತು ಆರ್11 ಇನ್ನೆರಡು. ಇವುಗಳ ಕಥೆ ಸ್ವಾರಸ್ಯವಾದದ್ದು. ಸಿಸ್‌ಕಾಲ್ ಆಜ್ಞೆ ಕರ್ನಲಿಗೆ ಜಿಗಿಯುವ ಮುನ್ನ, ಹಿಂದಿರುಗಿ ಬರಬೇಕಾದ ಸ್ಥಾನವನ್ನು ಎಲ್ಲಿಯಾದರೂ ಬರೆದಿಡಬೇಕಷ್ಟೆ. ವೇಗದ ದೃಷ್ಟಿಯಿಂದ ಮೆಮೊರಿಯನ್ನು ಮುಟ್ಟದೆ ಅದನ್ನು ಆರ್‌ಸಿಎಕ್ಸ್‌ನಲ್ಲಿಯೂ, ಪ್ರೊಸೆಸರಿನ ಸ್ಥಿತಿಸೂಚಕಗಳನ್ನು ಆರ್11ರಲ್ಲಿಯೂ ಇಡುವಂತೆ ಅದರ ನಿರ್ಮಾತೃಗಳು ವಿಧಿಸಿದರು. ಆದರೆ ಸಿ ಭಾಷೆಯ ಸಾಮಾನ್ಯ ಫಂಕ್ಷನ್ನುಗಳಿಗೆ ನಾಲ್ಕನೆಯ ವಿವರವನ್ನು ಕೊಡುವುದು ಇದೇ ಆರ್‌ಸಿಎಕ್ಸ್‌ನಲ್ಲಿ! ಅಲ್ಲಿಟ್ಟದ್ದು ಸಿಸ್‌ಕಾಲ್ ಆಗುವಾಗಲೇ ನಷ್ಟವಾಗುವುದರಿಂದ, ಕರ್ನಲಿನ ಪಾಲಿಗೆ ನಾಲ್ಕನೆಯದು ಆರ್10ಕ್ಕೆ ಸ್ಥಳಾಂತರವಾಯಿತು. ಮೂರೇ ವಿವರಗಳುಳ್ಳ ಕಾಲ್‌ಗಳಿಂದ ಕಲಿಕೆಯನ್ನು ಆರಂಭಿಸುವ ವಿದ್ಯಾರ್ಥಿ ಈ ತಿರುವನ್ನು ಕಾಣುವುದೇ ಇಲ್ಲ. ಕಾಣುವುದು ಜಾಲದ ಕಾಲ್‌ಗಳಲ್ಲಿ. ಒಮ್ಮೆ ನಿಲ್ಲಿಸಿದ ಸರ್ವರನ್ನು ಕೂಡಲೇ ಪುನಃ ಆರಂಭಿಸಿದರೆ, ಹಿಂದಿನ ಸಂಪರ್ಕಗಳ ನೆನಪನ್ನು ಲಿನಕ್ಸ್ 60 ಸೆಕೆಂಡುಗಳವರೆಗೆ ಉಳಿಸಿಕೊಂಡಿರುವುದರಿಂದ, ಬೈಂಡ್ ‘ವಿಳಾಸ ಬಳಕೆಯಲ್ಲಿದೆ’ ಎಂಬ 98ನೆಯ ದೋಷವನ್ನು ಕೊಡುವುದುಂಟು. ಅದನ್ನು ನಿವಾರಿಸುವ ‘ಸೆಟ್‌ಸಾಕ್‌ಆಪ್ಟ್’ ಎಂಬ 54ನೆಯ ಕಾಲ್‌ಗೆ ಐದು ವಿವರಗಳು ಬೇಕು, ಮತ್ತು ನಾಲ್ಕನೆಯದನ್ನು ಆರ್10ರಲ್ಲಿಯೇ ಇಡಬೇಕು.

ಇನ್ನು ಉತ್ತರ ಕೊಡುವ ಮಾತು. ಸಾಕೆಟ್ಟೂ ಒಂದು ಅಂಕೆಯೇ ಆದುದರಿಂದ, ಕಡತಕ್ಕೆ ಬರೆಯುವ 1ನೆಯ ಕಾಲ್, ‘ರೈಟ್’, ಇಲ್ಲಿಯೂ ಸಲ್ಲುತ್ತದೆ. ಏಕತ್ವದ ಫಲ ಇಲ್ಲಿ ಕೈಗೆ ಬರುತ್ತದೆ. ಆದರೆ ಎರಡು ಅಪಾಯಗಳಿವೆ. ಎದುರಿನವನು ಅಷ್ಟರಲ್ಲಿ ಸಂಪರ್ಕವನ್ನು ಕಡಿದುಕೊಂಡು ಹೋಗಿದ್ದರೆ ಕರ್ನಲ್ ನಮ್ಮ ಪ್ರೋಗ್ರಾಮಿಗೆ ಒಂದು ಸಿಗ್ನಲನ್ನು ಕಳುಹಿಸುತ್ತದೆ. ಅದನ್ನು ನಿರೀಕ್ಷಿಸಿರದ ಪ್ರೋಗ್ರಾಂ ಅಲ್ಲಿಯೇ ಅಸುನೀಗುತ್ತದೆ. 44ನೆಯ ‘ಸೆಂಡ್‌ಟು’ ಕಾಲನ್ನು ಬಳಸಿ ಆರ್10ರಲ್ಲಿ 16384 ಎಂಬ ಸಂಕೇತವನ್ನಿಟ್ಟರೆ ಸಿಗ್ನಲಿಗೆ ಬದಲಾಗಿ ದೋಷದ ಸಂಖ್ಯೆ ಮಾತ್ರ ಬರುತ್ತದೆ. ಇದು ಸುಲಭ. ಎರಡನೆಯ ಅಪಾಯ ಇದಕ್ಕಿಂತ ಗಹನವಾದದ್ದು.

ನಾವು ಸಾವಿರ ಬೈಟು ಬರೆಯೆಂದು ಕೇಳಿದರೆ ಕರ್ನಲ್ ಸಾವಿರವನ್ನೂ ಸ್ವೀಕರಿಸಬೇಕೆಂಬ ನಿಯಮವಿಲ್ಲ. ತನ್ನ ಉಗ್ರಾಣದಲ್ಲಿ ಸ್ಥಳವಿದ್ದಷ್ಟನ್ನು, ಆರುನೂರನ್ನೋ ಮುನ್ನೂರನ್ನೋ ತೆಗೆದುಕೊಂಡು ಆ ಸಂಖ್ಯೆಯನ್ನು ಆರ್‌ಎಎಕ್ಸ್‌ನಲ್ಲಿ ಹಿಂದಿರುಗಿಸುವುದು ಅದಕ್ಕೆ ಧರ್ಮಸಮ್ಮತವೇ. ಉಳಿದುದನ್ನು ಕಳುಹಿಸುವ ಹೊಣೆ ನಮ್ಮದು: ಬರೆಯಬೇಕಾದ ಸ್ಥಾನಕ್ಕೆ ಆರುನೂರನ್ನು ಕೂಡಿಸಬೇಕು, ಉಳಿದ ಉದ್ದದಿಂದ ಆರುನೂರನ್ನು ಕಳೆಯಬೇಕು, ಸೊನ್ನೆಯಾಗದಿದ್ದರೆ ಹಿಂದಕ್ಕೆ ಜಿಗಿದು ಮತ್ತೆ ಕೇಳಬೇಕು. ಅಸೆಂಬ್ಲಿಯಲ್ಲಿ ಇದು ಏಳೆಂಟು ಸಾಲುಗಳ ಕೆಲಸ. ಓದುವಾಗಲೂ ಹೀಗೆಯೇ. ಎದುರಿನವನು ಒಂದೇ ಸಲ ಕಳುಹಿಸಿದ್ದು ನಮಗೆ ಎರಡು ತುಂಡುಗಳಾಗಿ ಬರಬಹುದು, ಎರಡು ಸಲ ಕಳುಹಿಸಿದ್ದು ಒಂದಾಗಿ ಬರಬಹುದು. ಏಕೆಂದರೆ ಟಿಸಿಪಿ ವಾಗ್ದಾನ ಮಾಡಿರುವುದು ಬೈಟುಗಳು ಕ್ರಮತಪ್ಪದೆ ಬರುತ್ತವೆಂದೇ ಹೊರತು ಮಾತುಗಳ ಎಲ್ಲೆ ಉಳಿಯುತ್ತದೆಂದಲ್ಲ. ಓದಿದಾಗ ಸೊನ್ನೆ ಬಂದರೆ ಎದುರಿನವನು ತನ್ನ ಮಾತನ್ನು ಮುಗಿಸಿದನೆಂದು ಅರ್ಥ. ತನ್ನದೇ ಯಂತ್ರದಲ್ಲಿ ಪರೀಕ್ಷಿಸುವಾಗ ಎಲ್ಲವೂ ಇಡಿಯಾಗಿ ಬರುವುದರಿಂದ, ಈ ಪುನರಾವೃತ್ತಿಯನ್ನು ಬರೆಯದ ಪ್ರೋಗ್ರಾಮೂ ನಿರ್ದೋಷಿಯಂತೆ ತೋರುತ್ತದೆ. ದೂರದ ಊರಿನಿಂದ, ದುರ್ಬಲವಾದ ಮೊಬೈಲ್ ಸಂಪರ್ಕದಿಂದ ಯಾರಾದರೂ ಬಂದಾಗ ಮಾತ್ರ ಅದು ಮುರಿಯುತ್ತದೆ. ನಾನು ನೋಡಿದ ಜಾಲಪ್ರೋಗ್ರಾಂಗಳ ದೋಷಗಳಲ್ಲಿ ಇದಕ್ಕಿಂತ ವ್ಯಾಪಕವಾದದ್ದು ಇಲ್ಲ. ಪಟ್ಟಣದ ವೇಗದ ತಂತಿಯಲ್ಲಿ ಕುಳಿತು ಬರೆದವನ ಅಜಾಗ್ರತೆಯ ಫಲವನ್ನು ಅನುಭವಿಸುವವನು ಹಳ್ಳಿಯ ಬಳಕೆದಾರನು ಎಂಬುದರಿಂದ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದೋಷಗಳ ವರದಿಯ ಬಗೆಯನ್ನೂ ಹೇಳಿಬಿಡುತ್ತೇನೆ. ಲಿನಕ್ಸ್ ದೋಷವನ್ನು ಋಣಸಂಖ್ಯೆಯಾಗಿ ಅದೇ ಆರ್‌ಎಎಕ್ಸ್‌ನಲ್ಲಿ ಕೊಡುತ್ತದೆ. ಋಣ 1ರಿಂದ ಋಣ 4095ರವರೆಗಿನದೆಲ್ಲ ದೋಷ. ಪ್ರತಿಯೊಂದು ಕಾಲಿನ ಅನಂತರವೂ ಚಿಹ್ನೆಯನ್ನು ಪರೀಕ್ಷಿಸುವುದು ಬರೆಯುವವನ ಕರ್ತವ್ಯ. ಬಿಎಸ್‌ಡಿ ಸಂತತಿಯವು ಋಣಸಂಖ್ಯೆಯನ್ನು ಬಳಸದೆ ಪ್ರೊಸೆಸರಿನ ಕ್ಯಾರಿ ಎಂಬ ಸೂಚಕವನ್ನು ಎತ್ತಿ ತೋರಿಸುತ್ತವೆ.

ಬೇರೆ ವ್ಯವಸ್ಥೆಗಳಲ್ಲಿ ಸಂಖ್ಯೆಗಳೂ ಬೇರೆ. ಸಾಕೆಟ್ ಕಾಲ್ ಫ್ರೀಬಿಎಸ್‌ಡಿಯಲ್ಲಿ 97. ಆರ್ಮ್ 64 ಬಿಟ್ ಯಂತ್ರದ ಲಿನಕ್ಸಿನಲ್ಲಿ, ಎಂದರೆ ನಮ್ಮ ಕಿಸೆಯ ಆಂಡ್ರಾಯ್ಡ್ ಫೋನುಗಳ ಬಹುಪಾಲಿನಲ್ಲಿ, 198. ಇಂಟೆಲಿನ ಹಳೆಯ 32 ಬಿಟ್ ಯಂತ್ರಗಳ ವ್ಯವಸ್ಥೆ ಇನ್ನೂ ವಿಚಿತ್ರವಾದದ್ದು. ಅಲ್ಲಿ ಜಾಲದ ಕಾಲ್‌ಗಳೆಲ್ಲಕ್ಕೂ 102 ಎಂಬ ಒಂದೇ ಬಾಗಿಲು, ಒಳಹೊಕ್ಕ ಮೇಲೆ ಸಾಕೆಟ್ಟಿಗೆ 1, ಬೈಂಡಿಗೆ 2, ಕನೆಕ್ಟಿಗೆ 3 ಎಂದು ಉಪಸಂಖ್ಯೆ, ವಿವರಗಳೆಲ್ಲ ಮೆಮೊರಿಯ ಒಂದು ಸಾಲಿನಲ್ಲಿ. 2015ರಲ್ಲಿ ಲಿನಕ್ಸಿನ 4.3ನೆಯ ಆವೃತ್ತಿ ಬಂದಾಗ ಮಾತ್ರ ಅವಕ್ಕೆ ಪ್ರತ್ಯೇಕ ಬಾಗಿಲುಗಳು ದೊರೆತುವು. ಹಳೆಯ 102 ಮಾತ್ರ ಇಂದಿಗೂ ತೆರೆದಿದೆ.

ಇಷ್ಟೆಲ್ಲ ಶ್ರಮವನ್ನು ಇಂದು ಯಾರು ಪಡುತ್ತಾರೆ ಎಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಗೋ ಎಂಬ ಭಾಷೆಯನ್ನು ರಚಿಸಿದವರು ಲಿನಕ್ಸಿನಲ್ಲಿ ಸಿ ಲೈಬ್ರರಿಯ ಮಧ್ಯಸ್ಥಿಕೆಯನ್ನು ಬಿಟ್ಟು, ತಮ್ಮ ಭಾಷೆಯ ಒಡಲಿನಲ್ಲಿಯೇ ಅಸೆಂಬ್ಲಿಯ ಕೆಲವು ಸಾಲುಗಳನ್ನಿಟ್ಟು, ಆ ಮೂಲಕ ಕರ್ನಲನ್ನು ನೇರವಾಗಿ ಕರೆಯುತ್ತಾರೆ; ಅದರಲ್ಲಿ ಬರೆದ ಅಸಂಖ್ಯಾತ ಸರ್ವರುಗಳು ಮೇಲೆ ವಿವರಿಸಿದ ರಿಜಿಸ್ಟರುಗಳ ದಾರಿಯಲ್ಲಿಯೇ ಲೋಕದೊಡನೆ ಮಾತಾಡುತ್ತವೆ. ಮ್ಯಾಕ್ ಯಂತ್ರದಲ್ಲಿಯೂ ಅವರು ಹಾಗೆಯೇ ಮಾಡುತ್ತಿದ್ದರು. ಆದರೆ ಆ ಸಂಖ್ಯೆಗಳು ಸ್ಥಿರವಾಗಿರುತ್ತವೆಂದು ಆಪಲ್ ಮಾತು ಕೊಟ್ಟಿಲ್ಲವಾದ್ದರಿಂದ, 2018ರಲ್ಲಿ ಅವರು ಅಲ್ಲಿ ಆ ಪದ್ಧತಿಯನ್ನು ಕೈಬಿಟ್ಟು ಆಪಲಿನ ಲೈಬ್ರರಿಯ ಮೂಲಕವೇ ಹೋಗಬೇಕಾಯಿತು. ಲಿನಕ್ಸಿನ ಶೀಲ ಬೇರೆ. ಹೊರಗಿನ ಪ್ರೋಗ್ರಾಂಗಳು ನೆಚ್ಚಿಕೊಂಡಿರುವುದನ್ನು ಮುರಿಯಬಾರದೆಂಬುದು ಅದರ ನಿರ್ಮಾತೃಗಳ ಕಟ್ಟುನಿಟ್ಟಾದ ವ್ರತ.

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಜಾಲವಿಷಯವನ್ನು ಬೋಧಿಸುವ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹವಿದೆ. ವರ್ಷಕ್ಕೊಂದು ಮಧ್ಯಾಹ್ನದ ಪ್ರಯೋಗಾವಧಿಯನ್ನು ಇದಕ್ಕೆ ಮೀಸಲಿಡಿ. ವಿದ್ಯಾರ್ಥಿಗಳು ಮೊದಲು ಕಾಗದದ ಮೇಲೆ ಹದಿನಾರು ಚೌಕಗಳನ್ನು ಬರೆಯಲಿ. ಬಳಿಕ 41, 49, 50, 43 ಎಂಬ ನಾಲ್ಕು ಕಾಲ್‌ಗಳನ್ನು ಕೈಯಾರೆ ಬರೆದು, ‘ಎಸ್‌ಟ್ರೇಸ್’ ಎಂಬ ಉಪಕರಣದ ಅಡಿಯಲ್ಲಿ ಅದನ್ನು ಓಡಿಸಿ, ಕರ್ನಲಿಗೂ ತಮ್ಮ ಪ್ರೋಗ್ರಾಮಿಗೂ ನಡೆದ ಸಂಭಾಷಣೆಯನ್ನು ಸಾಲುಸಾಲಾಗಿ ಓದಲಿ. ಲಿನಕ್ಸಿರುವ ಒಂದು ಸಾಧಾರಣ ಗಣಕಯಂತ್ರವಿದ್ದರೆ ಸಾಕು; ಬೇಕಾದ ಅಸೆಂಬ್ಲರ್, ಲಿಂಕರ್ ಎರಡೂ ಉಚಿತ. ಸಿದ್ಧವಾದ ಪ್ರೋಗ್ರಾಮಿನಲ್ಲಿ ಕಡತದ ಶಿರೋಲೇಖಗಳು ಕನಿಷ್ಠ 120 ಬೈಟುಗಳನ್ನು ತೆಗೆದುಕೊಳ್ಳುತ್ತವೆ. ಜಾಗ್ರತೆಯಿಂದ ಬರೆದರೆ ಸರ್ವರಿನ ಉಳಿದ ಶರೀರವೆಲ್ಲ ಕೆಲವು ನೂರು ಬೈಟುಗಳಲ್ಲಿ ಮುಗಿಯುತ್ತದೆ, ಮತ್ತು ಅದರ ಪ್ರತಿಯೊಂದು ಬೈಟಿನ ಪ್ರಯೋಜನವನ್ನೂ ವಿದ್ಯಾರ್ಥಿ ಬೆರಳಿಟ್ಟು ಹೇಳಬಲ್ಲನು.